ಸೀಬೆ ಸುಲಿದರೆ ಸಹಜ, ನಿಂಬೆ ಬಿರಿದರೆ ಬುಡ ನೋಡಿ

ಪಕ್ಕದ ಮನೆಯ ಅಜ್ಜಿ ಒಂದು ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಕೂಗಿದರು: ‘ನಮ್ಮ ಸೀಬೆ ಮರಕ್ಕೆ ಕಜ್ಜಿ ಆಗಿದೆ ಕಣಪ್ಪಾ, ಒಂಚೂರು ಬಂದು ನೋಡು.’ ಹೋಗಿ ನೋಡಿದರೆ ಮರಕ್ಕೆ ಆಗಲೇ ಅರಿಸಿನ, ಬೇವಿನೆಣ್ಣೆ ಕಲಸಿ ಬಳಿದಾಗಿತ್ತು. ಕಾಂಡದ ಮೇಲಿಂದ ತೆಳ್ಳನೆಯ ಕಂದು ಚಕ್ಕೆಗಳು ಹಪ್ಪಳದಂತೆ ಎದ್ದು ಉದುರುತ್ತಿದ್ದವು. ಅವುಗಳ ಅಡಿಯಲ್ಲಿ ತಿಳಿಹಸಿರು ಛಾಯೆಯ, ಕೈಯಾಡಿಸಿದರೆ ಜಾರುವಷ್ಟು ನುಣುಪಾದ ಹೊಸ ತೊಗಟೆ. ಮರಕ್ಕೆ ಏನೂ ಆಗಿರಲಿಲ್ಲ. ಸೀಬೆ ಇರುವುದೇ ಹಾಗೆ.

ಆದರೆ ಅಲ್ಲಿಂದ ನಾಲ್ಕು ಹೆಜ್ಜೆ ಆಚೆ, ಬಚ್ಚಲ ನೀರು ಹರಿದು ಬಂದು ನಿಲ್ಲುವ ಜಾಗದಲ್ಲಿ ಒಂದು ನಿಂಬೆ ಗಿಡವಿತ್ತು. ಅದರ ಬುಡದ ತೊಗಟೆ ಉದ್ದುದ್ದಕ್ಕೆ ಸೀಳಿ, ಸೀಳಿನಿಂದ ಅಂಟು ಜಿನುಗಿ, ಬೆಲ್ಲದ ಪಾಕದಂತೆ ಹೆಪ್ಪುಗಟ್ಟಿತ್ತು. ಆ ಕಡೆ ಯಾರೂ ಕಣ್ಣು ಹಾಯಿಸಿರಲಿಲ್ಲ. ಎಲೆ ಹಸಿರಾಗಿತ್ತು, ಆ ವರ್ಷ ಹೂವೂ ಎಂದಿಗಿಂತ ಹೆಚ್ಚಾಗಿತ್ತು. ಅಜ್ಜಿಗೆ ಅದೇ ಖುಷಿ. ಸಾಯುವ ನಿಂಬೆ ಎಷ್ಟೋ ಸಲ ಹಾಗೆ ಮೈತುಂಬ ಹೂ ಬಿಟ್ಟೇ ಸಾಯುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹಿತ್ತಲಿನ ಮರದ ತೊಗಟೆ ವಿಷಯದಲ್ಲಿ ನಮ್ಮ ಎಡವಟ್ಟು ಬಹುಪಾಲು ಇದೇ. ಒರಟಾಗಿ ಕಂಡ ಗಟ್ಟಿಮುಟ್ಟು ಮರಕ್ಕೆ ಮದ್ದು ಹಚ್ಚುತ್ತೇವೆ, ನಿಜವಾಗಿ ಸೊರಗುತ್ತಿರುವುದು ಹಸಿರಾಗಿ ಕಾಣುತ್ತದೆಂದು ಬಿಟ್ಟುಬಿಡುತ್ತೇವೆ. ಬಿರುಕು ಇದೆಯೇ ಎಂಬುದಕ್ಕಿಂತ ಎಲ್ಲಿದೆ ಎಂದು ನೋಡಬೇಕು. ಬುಡದಲ್ಲೋ, ಕವಲಿನಲ್ಲೋ, ಸಂಜೆ ಬಿಸಿಲು ಬೀಳುವ ಮಗ್ಗುಲಲ್ಲೋ? ಜಾಗ ತಿಳಿದರೆ ಅರ್ಧ ಕಾರಣ ತಿಳಿದಂತೆ. ಉಳಿದರ್ಧ ಕಾರಣ, ಬೇಸರ ಮಾಡಿಕೊಳ್ಳಬೇಡಿ, ಹಲವು ಸಲ ನಾವೇ.

ಯಾವ ಮರದ ಮೈ ಹೇಗೆ

ಮರದ ಹೊರತೊಗಟೆ ಸತ್ತ ಪದರ. ಒಳಗಿನ ಕಾಂಡ ವರ್ಷ ವರ್ಷ ದಪ್ಪವಾಗುತ್ತದೆ, ಹೊರಗಿನ ಸತ್ತ ಪದರಕ್ಕೆ ಹಿಗ್ಗಲು ಬರುವುದಿಲ್ಲ. ಬೆಳೆಯುವ ಹುಡುಗನ ಅಂಗಿ ಹೊಲಿಗೆ ಬಿಟ್ಟ ಹಾಗೆ ಅದು ಬಿರಿಯುತ್ತದೆ. ಹಳೆಯ ಸಪೋಟ ಮರದ ಕಾಂಡ ಮೊಸಳೆ ಬೆನ್ನಿನಂತೆ ಕಪ್ಪಾಗಿ ಸೀಳಿರುವುದು ಆರೋಗ್ಯದ ಲಕ್ಷಣವೇ. ಮಾವು ಎಳೆಯದರಲ್ಲಿ ನಯವಾಗಿದ್ದು ವಯಸ್ಸಾದಂತೆ ಒರಟಾಗುತ್ತದೆ. ಹಲಸಿನದು ಗಂಟು ಗಂಟು ಮೈ. ಕಾಯಿ ಕಾಂಡದಲ್ಲೇ ಬಿಡುವುದರಿಂದ ಹಳೆಯ ತೊಟ್ಟಿನ ಜಾಗಗಳು ಊದಿಕೊಂಡಿರುತ್ತವೆ. ಸೀಬೆ, ನೆಲ್ಲಿ, ನೇರಳೆ ಚಕ್ಕೆ ಬಿಡುವ ಜಾತಿ. ಸೀಬೆಯನ್ನು ಪೇರಲೆ ಎನ್ನಿ, ಚೇಪೆ ಎನ್ನಿ, ಸುಲಿಯುವುದು ಅದರ ಹುಟ್ಟುಗುಣ.

ನಿಂಬೆ, ಕಿತ್ತಳೆ, ಚಕ್ಕೋತದ ಬಳಗ ಮಾತ್ರ ಬೇರೆ. ಅವುಗಳ ತೊಗಟೆ ತೆಳುವು, ಬಹುಕಾಲ ನುಣುಪಾಗಿಯೇ ಇರುತ್ತದೆ. ಅಲ್ಲಿ ಬಿರುಕು ಕಂಡರೆ ಅನುಮಾನ ಪಡುವುದು ಸರಿ.

ಅನುಮಾನ ಬಗೆಹರಿಸಲು ಉಗುರು ಸಾಕು. ಎಳೆ ಕೊಂಬೆಯ ಮೇಲೆ ಮೆಲ್ಲಗೆ ಗೀರಿ ನೋಡಿ. ಅಡಿಯಲ್ಲಿ ಹಸಿರು ಹಸಿಯಾಗಿದ್ದರೆ ಜೀವವಿದೆ. ಕಂದಾಗಿ ಒಣಗಿದ್ದರೆ ಹೋಗಿದೆ. ದಪ್ಪ ಕಾಂಡವಾದರೆ ಬಿರುಕಿನ ಅಂಚಿನಲ್ಲಿ ಚಾಕುವಿನ ತುದಿಯಿಂದ ಉಗುರಿನಗಲಕ್ಕಿಂತ ಹೆಚ್ಚಲ್ಲದಷ್ಟು ಕೆರೆದರೆ ಸಾಕು. ಬಿಳಿಯೋ ಕೆನೆಯೋ ಹಸಿರೋ ಬಣ್ಣದ ತೇವ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಕಂದು ಬಣ್ಣ, ಹುಳಿ ವಾಸನೆ, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಇದ್ದರೆ ಮುಂದಿನ ಮಾತು ಓದಿ. ಪರೀಕ್ಷೆ ಮಾಡುತ್ತೇನೆಂದು ಕಾಂಡದ ಸುತ್ತ ಹತ್ತು ಕಡೆ ಕೆರೆಯುವವರನ್ನೂ ಕಂಡಿದ್ದೇನೆ. ರೋಗ ಇಲ್ಲದಿದ್ದರೆ ಆ ಗಾಯಗಳಿಂದಲೇ ಬಂದೀತು.

ಗೂಟಿ ಕಟ್ಟುವವರಿಗೆ ಗೊತ್ತಿರುವ ಗುಟ್ಟು

ನರ್ಸರಿಯವರು ಸೀಬೆಗೋ ದಾಳಿಂಬೆಗೋ ಗೂಟಿ ಕಟ್ಟುವುದನ್ನು ನೋಡಿದ್ದೀರಾ? ಕೊಂಬೆಯ ಸುತ್ತ ಒಂದಂಗುಲ ಅಗಲ ತೊಗಟೆಯನ್ನು ಬಳೆಯಂತೆ ಸುಲಿದು, ಅಲ್ಲಿಗೆ ಒದ್ದೆ ಪಾಚಿಯೋ ತೆಂಗಿನ ನಾರಿನ ಪುಡಿಯೋ ಇಟ್ಟು ಪ್ಲಾಸ್ಟಿಕ್ ಸುತ್ತಿ ಕಟ್ಟುತ್ತಾರೆ. ಸುಲಿದ ಮೇಲೂ ಎಲೆ ಬಾಡುವುದಿಲ್ಲ, ಏಕೆಂದರೆ ನೀರು ಮೇಲೇರುವುದು ಒಳಗಿನ ಕಟ್ಟಿಗೆಯ ಮೂಲಕ. ಎಲೆ ತಯಾರಿಸಿದ ಸಕ್ಕರೆ ಕೆಳಗಿಳಿಯುವುದು ತೊಗಟೆಯ ಒಳಪದರದ ಮೂಲಕ. ಆ ದಾರಿ ಕತ್ತರಿಸಿದ್ದರಿಂದ ಊಟವೆಲ್ಲ ಸುಲಿದ ಜಾಗದ ಮೇಲುಗಡೆ ತಡೆದು ನಿಂತು ಅಲ್ಲಿಂದಲೇ ಬೇರು ಹೊರಡುತ್ತದೆ.

ಕೊಂಬೆಗೆ ವರವಾಗುವ ಈ ಬಳೆ ಬುಡಕ್ಕೆ ಮರಣಶಾಸನ. ಕಾಂಡದ ಸುತ್ತ ತೊಗಟೆ ಹೋದರೆ ಬೇರಿಗೆ ಊಟ ಇಲ್ಲ. ಬೇರು ತನ್ನಲ್ಲಿದ್ದ ಗಂಟು ಕರಗುವವರೆಗೆ ನೀರು ಕಳಿಸುತ್ತಲೇ ಇರುತ್ತದೆ, ಎಲೆ ಹಸಿರಾಗಿಯೇ ಇರುತ್ತದೆ. ತಿಂಗಳುಗಳ ನಂತರ ಒಂದು ಬೇಸಿಗೆಯಲ್ಲಿ ಮರ ‘ಇದ್ದಕ್ಕಿದ್ದಂತೆ’ ಒಣಗುತ್ತದೆ. ಅಜ್ಜಿಯ ನಿಂಬೆ ಹಸಿರಾಗಿಯೇ ಸಾಯುತ್ತಿದ್ದದ್ದೂ ಹೀಗೆ. ಆದ್ದರಿಂದ ಗಾಯದ ಉದ್ದ ಲೆಕ್ಕಕ್ಕಿಲ್ಲ, ಸುತ್ತಳತೆಯಲ್ಲಿ ಎಷ್ಟು ಭಾಗ ಹೋಗಿದೆ ಎಂದು ನೋಡಿ. ಕಾಲು ಭಾಗ ಹೋಗಿದ್ದರೆ ಮರ ಸುಧಾರಿಸಿಕೊಳ್ಳುವ ಸಂಭವವೇ ಹೆಚ್ಚು. ಅರ್ಧ ದಾಟಿದರೆ ಆಸೆ ಕಡಿಮೆ ಇಟ್ಟುಕೊಳ್ಳುವುದು ಮೇಲು.

ಬುಡದಲ್ಲಿ ಅಂಟು

ನಿಂಬೆಯ ಬುಡ ಕೊಳೆಸಿ ಅಂಟು ಸುರಿಸುವುದು ಫೈಟೋಫ್ತೊರ ಎಂಬ, ಶಿಲೀಂಧ್ರದಂಥ ಜೀವಿ. ಅಡಿಕೆಗೆ ಕೊಳೆರೋಗ ತರುವುದೂ ಇದೇ ಬಳಗ. ಅಡಿಕೆ ಬೆಳೆಯುವವರಿಗೆ ಇದರ ಸ್ವಭಾವ ಬೇರೆ ಹೇಳಬೇಕಿಲ್ಲ: ನೀರಿದ್ದರೆ ಇದಕ್ಕೆ ಕಾಲು ಬಂದಂತೆ. ಇದರ ಬೀಜಕಣಗಳು ತೇವದಲ್ಲಿ ಈಜಿಕೊಂಡೇ ಹೋಗಿ ತೊಗಟೆಗೆ ಅಂಟುತ್ತವೆ. ನಮ್ಮ ಹಿತ್ತಲುಗಳ ಸಂಪ್ರದಾಯವೋ, ಬಚ್ಚಲ ನೀರಿನ ಬಾಯಿಗೆ ಏನಾದರೂ ನೆಡುವುದು. ಬಾಳೆಗೆ ಅದು ಒಗ್ಗುತ್ತದೆ, ಕೆಸುವಿಗೆ ಹಬ್ಬ. ನಿಂಬೆಗೆ ಆಗದು. ಪಾತಿ ಎಂದು ಕಾಂಡಕ್ಕೆ ಒತ್ತಿ ಗುಂಡಿ ಮಾಡಿ ನೀರು ನಿಲ್ಲಿಸುವುದು, ಗೊಬ್ಬರ ಮಣ್ಣನ್ನು ಬುಡಕ್ಕೆ ಏರಿಸಿ ಕಸಿಗಂಟು ಮುಚ್ಚುವುದು, ಇವೂ ಅದೇ ಫಲ ಕೊಡುತ್ತವೆ.

ರೋಗ ಹತ್ತಿದ ತೊಗಟೆ ಮೊದಲು ನೀರು ಹೀರಿದಂತೆ ಕಪ್ಪಾಗಿ, ಆಮೇಲೆ ಒಣಗಿ ಉದ್ದಕ್ಕೆ ಸೀಳುತ್ತದೆ. ಮಳೆಗಾಲದಲ್ಲಿ ಅಂಟು ತೊಳೆದುಹೋಗುವುದರಿಂದ ಕಣ್ಣಿಗೆ ಬೀಳುವುದು ಕಡಿಮೆ, ಹಾಗಾಗಿ ಬೇಸಿಗೆಯಲ್ಲಿ ನೋಡುವುದು ಸುಲಭ. ಮೊದಲು ಬುಡದ ಮಣ್ಣು ಸರಿಸಿ, ದಪ್ಪ ಬೇರು ಹೊರಡುವ ಜಾಗ ಕಾಣುವಂತೆ ಮಾಡಿ ಗಾಳಿಯಾಡಲು ಬಿಡಿ. ಕೊಳೆತ ತೊಗಟೆಯನ್ನು ಹರಿತವಾದ ಚಾಕುವಿನಿಂದ, ಸುತ್ತ ಒಂದಿಷ್ಟು ಹಸಿ ಭಾಗವೂ ಬರುವಂತೆ ಹೆರೆದು ತೆಗೆಯಿರಿ. ಹೆರೆದದ್ದನ್ನು ಅಲ್ಲೇ ಉದುರಿಸದೆ ಕಾಗದದಲ್ಲಿ ಹಿಡಿದು ಸುಟ್ಟುಬಿಡಿ. ಒಂದು ದಿನ ಆರಿದ ಮೇಲೆ ಬೋರ್ಡೋ ಮುಲಾಮು ಹಚ್ಚಿ.

ಬೋರ್ಡೋ ಎಂದರೆ ಮಲೆನಾಡಿನವರಿಗೆ ಮನೆಮಾತು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಕಂಡುಕೊಂಡ ಮೈಲುತುತ್ತ, ಸುಣ್ಣದ ಈ ಬೆರಕೆಯನ್ನು ನಮ್ಮ ಅಡಿಕೆ ಕೊನೆಗಳಿಗೆ ಹೊಡೆಯಲು ಕಲಿಸಿದವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅಡಿಕೆಗೆ ಸಿಂಪಡಿಸುವುದು ಶೇಕಡಾ 1ರ ದ್ರಾವಣ. ಕಾಂಡಕ್ಕೆ ಬಳಿಯುವ ಮುಲಾಮು ಅದರ ಹತ್ತರಷ್ಟು ಗಟ್ಟಿ. ಮನೆಯ ಎರಡು ಮೂರು ಗಿಡಕ್ಕೆ ಒಂದು ಲೀಟರ್ ಸಾಕು: ಅರ್ಧ ಲೀಟರ್ ನೀರಿನಲ್ಲಿ 100 ಗ್ರಾಂ ಮೈಲುತುತ್ತ ಕರಗಿಸಿ, ಇನ್ನರ್ಧ ಲೀಟರಿನಲ್ಲಿ 100 ಗ್ರಾಂ ಸುಣ್ಣ ಕದಡಿ ಸೋಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಕೋಲಿನಿಂದ ತಿರುವಿ. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಆಗಿರಲಿ, ಕಬ್ಬಿಣ ಬೇಡ. ಹದ ತಿಳಿಯಲು ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ಸುಣ್ಣ ಸೇರಿಸಬೇಕು. ಮಾಡಿದ ದಿನವೇ ಬಳಸಿ ಮುಗಿಸಿ. ನೀಲಿ ಬಣ್ಣ ಚೆಂದವಿರುತ್ತದೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಬುಡದಿಂದ ಎರಡು ಮೂರು ಅಡಿ ಎತ್ತರದವರೆಗೆ, ಮುಂಗಾರಿಗೆ ಮುನ್ನ ಒಮ್ಮೆ, ಮಳೆ ಹಿಂದೆಗೆದ ಮೇಲೆ ಇನ್ನೊಮ್ಮೆ ಬಳಿದರೆ ಸಾಕು. ರೋಗ ಬೇರಿಗೂ ಇಳಿದಿರುವ ಸಂದೇಹವಿದ್ದರೆ ಮೆಟಲಾಕ್ಸಿಲ್ ಅಂಶದ ಔಷಧವನ್ನು ಬುಡಕ್ಕೆ ಸುರಿಯುವ ಪದ್ಧತಿಯಿದೆ. ಅದರ ಪ್ರಮಾಣವನ್ನು ತೋಟಗಾರಿಕೆ ಇಲಾಖೆಯವರಿಂದಲೋ ಕೃಷಿ ವಿಜ್ಞಾನ ಕೇಂದ್ರದಿಂದಲೋ ಕೇಳಿ ತಿಳಿಯಿರಿ, ಅಂಗಡಿಯವನ ಅಂದಾಜು ಬೇಡ.

ಇಷ್ಟೆಲ್ಲ ಮಾಡಿ ಬಚ್ಚಲ ನೀರನ್ನು ಹಾಗೇ ಬಿಟ್ಟರೆ ಮುಲಾಮು ಬರೀ ಅಲಂಕಾರ. ಕಾಂಡದಿಂದ ಒಂದಡಿ ದೂರದಲ್ಲಿ ಮಣ್ಣಿನ ಸಣ್ಣ ದಿಂಡು, ಕೊಂಬೆಯ ನೆರಳು ಮುಗಿಯುವಲ್ಲಿ ಇನ್ನೊಂದು ದಿಂಡು ಕಟ್ಟಿ, ನೀರು ಇವೆರಡರ ನಡುವೆ ಮಾತ್ರ ನಿಲ್ಲಲಿ. ನೀರು ಕುಡಿಯುವ ಎಳೆಬೇರು ಇರುವುದೂ ಅಲ್ಲೇ.

ಒಂದೇ ಮಗ್ಗುಲು ಸುಟ್ಟಂತೆ

ಬಿರುಕು ಕಾಂಡದ ಒಂದೇ ಕಡೆಗಿದ್ದು, ಆ ಕಡೆ ನೈಋತ್ಯಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ್ದರೆ ಕಾರಣ ಬಿಸಿಲು. ಅಡಿಕೆ ತೋಟದವರು ದಕ್ಷಿಣಾಯನದ ಇಳಿಬಿಸಿಲಿಗೆ ಹೆದರಿ ಎಳೆಮರಗಳ ಆ ಮಗ್ಗುಲಿಗೆ ಸೋಗೆ ಕಟ್ಟುವುದು ಸುಮ್ಮನಲ್ಲ. ಹಿತ್ತಲಿನಲ್ಲಿ ಇದು ಆಗುವುದು ನೆರಳಲ್ಲಿ ಬೆಳೆದ ಮರ ದಿಢೀರನೆ ಬಯಲಿಗೆ ಬಿದ್ದಾಗ. ಪಕ್ಕದ ಹಳೆಮನೆ ಕೆಡವಿದರು, ತೆಂಗಿನ ಮರ ಕಡಿಸಿದರು, ಇಲ್ಲವೇ ಮಾವಿನ ಕೊಂಬೆಗಳನ್ನು ಒಂದೇ ಸಲಕ್ಕೆ ಬೋಳಿಸಿಬಿಟ್ಟರು. ಅಲ್ಲಿಯವರೆಗೆ ಎಲೆಯ ಮರೆಯಲ್ಲಿದ್ದ ತೊಗಟೆ ಬೆಂದು, ತಗ್ಗಾಗಿ, ಎದ್ದು ಬರುತ್ತದೆ. ಆ ಸಂದಿಗೆ ಆಮೇಲೆ ಹುಳುವೂ ಬೂಷ್ಟೂ ಸೇರುತ್ತವೆ.

ಇದಕ್ಕೆ ಸುಣ್ಣ ಸಾಕು. ಚೆನ್ನಾಗಿ ಅರಳಿಸಿ ತಣಿಸಿದ ಸುಣ್ಣವನ್ನು ಗೋಡೆಗೆ ಬಳಿಯುವ ಹದಕ್ಕೆ ಕದಡಿ, ಹಿಡಿದುಕೊಳ್ಳಲು ಸ್ವಲ್ಪ ಗೋಂದು ಸೇರಿಸಿ ಬೇಸಿಗೆಗೆ ಮುನ್ನ ಬಳಿಯಿರಿ. ಬಿಳುಪು ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ, ಅಷ್ಟೇ ಅದರ ಕೆಲಸ. ಮನೆಗೆ ಬಣ್ಣ ಹೊಡೆಸಿ ಮಿಕ್ಕ ಆಯಿಲ್ ಪೇಂಟನ್ನು ಮರಕ್ಕೆ ಬಳಿದು ಚೆಂದ ನೋಡುವವರಿದ್ದಾರೆ. ಅದು ಬೇಡ.

ತೂತು, ಹಿಟ್ಟು, ಜಾಲರಿ

ಕೊಂಬೆಗಳ ಕವಲಿನಲ್ಲಿ ಕಂದು ಬಣ್ಣದ, ರಿಬ್ಬನ್ನಿನಂತೆ ಉದ್ದಕ್ಕೆ ಹರಡಿದ ಕೊಳಕು ಜಾಲರಿ ಕಂಡರೆ ಅದು ತೊಗಟೆ ತಿನ್ನುವ ಹುಳುವಿನ ಮನೆ. ಹುಳು ತನ್ನ ಹಿಕ್ಕೆಯನ್ನೂ ತೊಗಟೆಯ ಪುಡಿಯನ್ನೂ ನೂಲಿನಲ್ಲಿ ಪೋಣಿಸಿ ನೇಯ್ದ ಚಪ್ಪರ ಅದು. ಹಗಲು ಕವಲಿನ ತೂತಿನೊಳಗೆ ಮಲಗಿ, ರಾತ್ರಿ ಚಪ್ಪರದ ಮರೆಯಲ್ಲಿ ಬಂದು ತೊಗಟೆ ಮೇಯುತ್ತದೆ. ಸೀಬೆ, ಮಾವು, ಹಲಸು, ದಾಳಿಂಬೆ, ನುಗ್ಗೆ ಯಾವುದೂ ಇದಕ್ಕೆ ವರ್ಜ್ಯವಲ್ಲ. ನೋಡಿಕೊಳ್ಳದ ಹಳೆಯ ಮರಗಳೆಂದರೆ ಪ್ರೀತಿ. ವರ್ಷಕ್ಕೆ ಒಂದೇ ಪೀಳಿಗೆ, ಮುಂಗಾರಿನ ಹೊತ್ತಿಗೆ ಪತಂಗ ಮೊಟ್ಟೆ ಇಡುತ್ತದೆ. ಆದ್ದರಿಂದ ದಸರೆಯ ಆಸುಪಾಸಿನಲ್ಲಿ ಮರದ ಕವಲುಗಳನ್ನು ಒಮ್ಮೆ ನೋಡಿಬಿಟ್ಟರೆ ವರ್ಷದ ಕೆಲಸ ಮುಗಿಯಿತು. ಜಾಲರಿಯನ್ನು ಗೋಣಿತಾಟಿನಿಂದ ಒರೆಸಿ ತೆಗೆದು, ತೂತಿನೊಳಗೆ ಸೈಕಲ್ ಚಕ್ರದ ಕಡ್ಡಿ ತೂರಿಸಿ ತಿರುವಿ, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಹಸಿಮಣ್ಣಿನಿಂದ ಮೆತ್ತಿ. ವಾರ ಬಿಟ್ಟು ನೋಡಿದಾಗ ಹೊಸ ಹಿಕ್ಕೆ ಬಿದ್ದಿದ್ದರೆ ಮತ್ತೊಮ್ಮೆ.

ಕಾಂಡದಿಂದ ಮರದ ಹಿಟ್ಟು ಉದುರುತ್ತಿದ್ದರೆ ಕಷ್ಟ ದೊಡ್ಡದು. ಮಾವು, ಹಲಸಿನಲ್ಲಿ ಇದು ಕಾಂಡಕೊರಕದ ಕೆಲಸ. ಉದ್ದ ಮೀಸೆಯ ಬೂದು ದುಂಬಿ ತೊಗಟೆ ಕಚ್ಚಿ ಮೊಟ್ಟೆ ಇಡುತ್ತದೆ, ಮರಿಹುಳು ಒಳಗೆ ಸುರಂಗ ಕೊರೆಯುತ್ತ ಬೆರಳುದ್ದಕ್ಕೆ ಬೆಳೆಯುತ್ತದೆ. ಕಡ್ಡಿಗೆ ಸಿಕ್ಕರೆ ಎಳೆದು ಕೊಲ್ಲಿ. ಸಿಗದಿದ್ದರೆ ಉಳಿಯಿಂದ ಕಾಂಡವನ್ನೇ ಅಗೆಯುತ್ತ ಹೋಗಬೇಡಿ, ಹುಳು ಮಾಡುವ ಹಾನಿಯನ್ನು ನೀವೇ ಮಾಡಿ ಮುಗಿಸಿರುತ್ತೀರಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಾವಿನ ಕಾಂಡಕೊರಕಕ್ಕೆಂದೇ ಒಂದು ಲೇಪ ಸಿದ್ಧಪಡಿಸಿದೆ. ಗಾಯ ಶುಚಿಗೊಳಿಸಿ ಹಚ್ಚಿದರೆ ತೂತು ಮುಚ್ಚಿ, ತೊಗಟೆ ಕೂಡಿಬರಲೂ ಆಸರೆಯಾಗುತ್ತದೆ. ಗೇರುಮರದ ಬುಡದಲ್ಲಿ ಅಂಟಿನೊಂದಿಗೆ ಹಿಟ್ಟು ಕಂಡರೆ ಒಂದು ದಿನವೂ ತಡಮಾಡಬಾರದು. ಗೇರಿನ ಕೊರಕ ಬುಡದ ತೊಗಟೆಯನ್ನೇ ಸುತ್ತುವರಿದು ತಿನ್ನುತ್ತದೆ, ಮರ ಆ ಬಳೆಯಿಂದಲೇ ಸಾಯುತ್ತದೆ.

ಗೆದ್ದಲಿನ ಮಣ್ಣಿನ ಹೊದಿಕೆ ಕಂಡು ಗಾಬರಿಯಾಗುವವರು ಬಹಳ. ಅದು ಹೆಚ್ಚಾಗಿ ಸತ್ತ ಹೊರತೊಗಟೆಯನ್ನೇ ತಿನ್ನುತ್ತದೆ. ಪೊರಕೆಯಿಂದ ಕೆಡವಿ, ಬುಡಕ್ಕೆ ಸುಣ್ಣ ಬಳಿಯಿರಿ. ಎಳೆಸಸಿಗಾದರೆ ಮಾತ್ರ ಗೆದ್ದಲು ಗಂಡಾಂತರ.

ಮಾವಿನ ಕೊಂಬೆ ತುದಿಯಿಂದ ಒಣಗುತ್ತ ಬಂದು, ಹಸಿ ಒಣ ಸೇರುವಲ್ಲಿ ಅಂಟಿನ ಹನಿ ಕಾಣುವುದು ಬೇರೆಯೇ ರೋಗ, ಶಿಲೀಂಧ್ರದ್ದು. ಒಣಗಿದ ಭಾಗಕ್ಕಿಂತ ಮೂರು ನಾಲ್ಕು ಅಂಗುಲ ಕೆಳಗೆ, ಹಸಿಯಲ್ಲೇ ಕತ್ತರಿಸಿ ಬೋರ್ಡೋ ಹಚ್ಚಬೇಕು. ಕರಾವಳಿ, ಮಲೆನಾಡಿನಲ್ಲಿ ಜಡಿಮಳೆಯ ನಡುವೆ ಹಲಸಿನದೋ ಕಿತ್ತಳೆಯದೋ ಕೊಂಬೆಗೆ ತೆಳು ಗುಲಾಬಿ ಬಣ್ಣ ಬಳಿದಂತಾಗಿ ಮುಂದಿನ ಎಲೆ ಒಣಗಿದರೆ ಅದು ಪಿಂಕ್ ರೋಗ. ಅದಕ್ಕೂ ಇದೇ ಉಪಾಯ. ಕತ್ತರಿಸಿದ್ದನ್ನು ಮರದ ಬುಡದಲ್ಲೇ ರಾಶಿ ಹಾಕಬೇಡಿ.

ನಿರಪರಾಧಿಗಳು

ತೊಗಟೆಯ ಮೇಲೆ ಬೂದು ಹಸಿರು ಮಚ್ಚೆಗಳು, ಸುಕ್ಕುಗಟ್ಟಿದ ಎಲೆಯಂಥ ಪದರಗಳು ಕಂಡೊಡನೆ ತಂತಿಬ್ರಷ್ ಹಿಡಿದು ಹೊರಡಬೇಡಿ. ಅವು ಕಲ್ಲುಹೂವಿನ ಬಳಗ. ಮಸಾಲೆಗೆ ಹಾಕುವ ಕಲ್ಲುಹೂವು ಇದೇ ಜಾತಿಯದು. ಮರದಿಂದ ಇದು ಪಡೆಯುವುದು ಕೂರಲು ಜಾಗವೊಂದೇ. ಕಲ್ಲುಹೂವು ಹೆಚ್ಚಾಗಿದ್ದರೆ ಎಲೆ ತೆಳುವಾಗಿ ಬೆಳಕು ಕಾಂಡದವರೆಗೆ ಇಳಿಯುತ್ತಿದೆ ಎಂದರ್ಥವಿದ್ದೀತು. ಆಗ ಬೇರಿನ ಕಡೆ, ಗೊಬ್ಬರದ ಕಡೆ ಗಮನ ಕೊಡಿ. ಪಾಚಿಯೂ ಹಾಗೆ, ಸೀತಾಳೆದಂಡೆಯಂಥ ಆರ್ಕಿಡ್‌ಗಳೂ ಹಾಗೆ. ಬಂದಳಿಕೆ ಮಾತ್ರ ನಿಜವಾದ ಕಳ್ಳ. ಕೊಂಬೆಗೆ ಬೇರಿಳಿಸಿ ರಸ ಹೀರುತ್ತದೆ. ಅದು ಕಚ್ಚಿದ ಜಾಗದಲ್ಲಿ ಕೊಂಬೆ ಊದಿರುತ್ತದೆ, ಊದಿದ್ದಕ್ಕಿಂತ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಬಂದಳಿಕೆಯನ್ನಷ್ಟೇ ಕಿತ್ತರೆ ಮತ್ತೆ ಚಿಗುರುತ್ತದೆ.

ತೆಂಗಿನ ಮಾತು ಇಲ್ಲಿ ಬರಬಾರದು, ಅದಕ್ಕೆ ಈ ಅರ್ಥದ ತೊಗಟೆಯೇ ಇಲ್ಲ. ಗಾಯವಾದರೆ ತೆಂಗು ಎಂದಿಗೂ ಅದನ್ನು ಮುಚ್ಚಿಕೊಳ್ಳಲಾರದು. ಹತ್ತಲು ಕೊಚ್ಚಿದ ಮೆಟ್ಟಿಲು ಅಜ್ಜನ ಕಾಲದಿಂದ ಹಾಗೇ ಉಳಿದಿರುವುದು ಅದಕ್ಕೇ. ಕಾಂಡದ ಸೀಳಿನಿಂದ ತುಕ್ಕು ಬಣ್ಣದ ನೀರು ಇಳಿಯುತ್ತಿದ್ದರೆ ಅದು ಕಾಂಡ ಸೋರುವ ರೋಗ. ಕೆಟ್ಟ ಭಾಗ ಕೆತ್ತಿ ಬೋರ್ಡೋ ಮುಲಾಮು ಹಚ್ಚಿಸಿ.

ನಮ್ಮ ಕೈಯ ಗಾಯಗಳು

ಬಟ್ಟೆ ಒಣಹಾಕುವ ತಂತಿಯನ್ನು ಮಾವಿನ ಮರಕ್ಕೆ ಬಿಗಿದು ಮರೆತುಬಿಡುತ್ತೇವೆ. ಐದಾರು ವರ್ಷಕ್ಕೆ ತಂತಿ ತೊಗಟೆಯೊಳಗೆ ಹೂತು, ಮೇಲುಗಡೆ ಕಾಂಡ ಉಬ್ಬಿರುತ್ತದೆ. ಗೂಟಿಯ ಬಳೆಯೇ ಅದು, ನಿಧಾನದ್ದು. ಕಾಣುವಷ್ಟು ತಂತಿಯನ್ನು ತುಂಡು ಮಾಡಿ ತೆಗೆಯಿರಿ, ಹೂತದ್ದನ್ನು ಎಳೆಯಬೇಡಿ. ಕಟ್ಟಲೇಬೇಕೆಂದರೆ ಹಳೆಯ ಸೈಕಲ್ ಟಯರಿನ ತುಂಡು ಒತ್ತಾಗಿ ಕೊಟ್ಟು, ವರ್ಷಕ್ಕೊಮ್ಮೆ ಸಡಿಲಿಸಿ. ಹುಲ್ಲು ಕತ್ತರಿಸುವ ಯಂತ್ರ ಬಂದ ಮೇಲೆ ಬುಡದ ಗಾಯ ತುಂಬ ಹೆಚ್ಚಾಗಿದೆ. ನೈಲಾನ್ ದಾರದ ಎರಡು ಸುತ್ತು ಸಾಕು, ಎಳೆಗಿಡದ ತೊಗಟೆ ಸುತ್ತಲೂ ಹೋಗಿರುತ್ತದೆ. ಕೂಲಿಯವರಿಗೆ ಹೇಳಿ ಪ್ರಯೋಜನವಿಲ್ಲ. ಬುಡದ ಸುತ್ತ ಎರಡಡಿ ಹುಲ್ಲು ಬೆಳೆಯದಂತೆ ತರಗೆಲೆ ಹೊದಿಸಿ, ತರಗೆಲೆ ಕಾಂಡಕ್ಕೆ ತಾಗದಿರಲಿ. ಅಂಗಳಕ್ಕೆ ಸಿಮೆಂಟು ಹಾಕಿಸುವಾಗ ಮರದ ಕುತ್ತಿಗೆವರೆಗೂ ಎಳೆದುಬಿಡುವುದು ಪಟ್ಟಣದ ಹೊಸ ರೋಗ. ಇನ್ನು ಕಾಯಿ ಬಿಡದ ಮರಕ್ಕೆ ಮೊಳೆ ಹೊಡೆಯುವುದು, ಕತ್ತಿಯಿಂದ ಕಚ್ಚು ಹಾಕಿ ಹೆದರಿಸುವುದು. ಹೆದರಿದ ಮರ ಕಾಯಿ ಬಿಟ್ಟ ಕಥೆಗಳಲ್ಲಿ ಸ್ವಲ್ಪ ನಿಜವೂ ಇದೆ, ಕಚ್ಚಿನ ಮೇಲುಗಡೆ ಸಕ್ಕರೆ ನಿಂತು ಹೂವಾಗುತ್ತದೆ. ಆ ಕಚ್ಚಿನಿಂದ ಕೊಳೆ ಹೊಕ್ಕು ಸತ್ತ ಮರಗಳ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ತೋರಿಸಿದ್ದು ಇದನ್ನೇ: ಮರ ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ, ಅದರ ಮೇಲೆ ಹೊಸದಾಗಿ ಬೆಳೆಯುತ್ತದೆ. ಹಾಗಾಗಿ ಕೊಂಬೆ ಕಡಿಯುವಾಗ ಬುಡದಲ್ಲಿರುವ ಉಬ್ಬಿದ ಪಟ್ಟಿಯನ್ನು ಉಳಿಸಿ, ಅದರ ಹೊರಗೆ ಕೊಯ್ಯಿರಿ. ಗೋಡೆ ಕಟ್ಟುವ ಕೆಲಸ ಶುರುವಾಗುವುದು ಅಲ್ಲಿಂದ. ಪೊಟರೆಗೆ ಸಿಮೆಂಟು ತುಂಬುವುದು ಹಳೆಯ ಪದ್ಧತಿ, ಕೈಬಿಡಿ. ಮರ ಗಾಳಿಗೆ ತೂಗಾಡುತ್ತದೆ, ಸಿಮೆಂಟು ತೂಗಾಡುವುದಿಲ್ಲ, ನಡುವಿನ ಸಂದಿಯಲ್ಲಿ ನೀರು ನಿಲ್ಲುತ್ತದೆ.

ಅಜ್ಜಿಯ ನಿಂಬೆ ಉಳಿಯಲಿಲ್ಲ. ಹೆರೆದು ನೋಡಿದಾಗ ಮುಕ್ಕಾಲು ಸುತ್ತು ಹೋಗಿತ್ತು. ಆ ವರ್ಷದ ಕಾಯಿ ಕೊಯ್ದು ಉಪ್ಪಿನಕಾಯಿ ಹಾಕಿ, ಗಿಡ ತೆಗೆಸಿದರು. ಈಗ ಬಚ್ಚಲ ನೀರಿನ ಬಾಯಲ್ಲಿ ಏಲಕ್ಕಿ ಬಾಳೆ ಇದೆ. ಹೊಸ ನಿಂಬೆ ಕಸಿಯನ್ನು ಹದಿನೈದು ಅಡಿ ಆಚೆ, ಸಣ್ಣ ದಿಬ್ಬ ಮಾಡಿ, ಕಸಿಗಂಟು ನೆಲದಿಂದ ಗೇಣುದ್ದ ಮೇಲಿರುವಂತೆ ನೆಟ್ಟಿದ್ದೇವೆ. ಸೀಬೆ ಈ ವರ್ಷವೂ ಸುಲಿಯುತ್ತಿದೆ. ಮೊನ್ನೆ ಅಜ್ಜಿ ಚಕ್ಕೆಗಳನ್ನು ಗುಡಿಸಿ ಬಾಳೆಯ ಬುಡಕ್ಕೆ ಹಾಕುತ್ತಿದ್ದರು.